ಚಳೀಲಿ ಘಾಟಿ ಇಳಿದು ಗಾಳ ಹಾಕೋದು ಎಂತಕ್ಕೆ ಅಂತ ಕೇಳೋರಿಗೆ

"ಎಂತ ಮಾರಾಯ, ಮನೆ ಹತ್ರ ತುಂಗೆ ಹರೀತಿದೆ, ಅದು ಬಿಟ್ಟು ಡಿಸೆಂಬರ್ ಚಳೀಲಿ ಆಗುಂಬೆ ಘಾಟಿ ಇಳಿದು ಉಡುಪಿ ಹತ್ರದ ಕಾಪು ಕಡಲಿಗೆ ಹೋಗಿ ಬಂಡೆ ಮೇಲೆ ನಿಲ್ತೀಯಲ್ಲ, ಅದೂ ಖಾಲಿ ಕೈಲಿ ಬರೋಕೆ?" ತೀರ್ಥಹಳ್ಳೀಲಿ ನಂಗೆ ಇದನ್ನ ಕೇಳದೋರು ಕಮ್ಮಿ. ಮದುವೆ ಊಟಕ್ಕೆ ಪಂಕ್ತೀಲಿ ಕೂತಾಗ್ಲೂ ಕೇಳ್ತಾರೆ, ಬಾಯಲ್ಲಿ ಹೋಳಿಗೆ ಇರುತ್ತೆ, ಉತ್ತರ ಕೊಡೋಕೆ ಆಗಲ್ಲ. ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲ್ನೇದು, ನಂಗೆ ಈಜು ಬರಲ್ಲ. ಕಾಪು ಲೈಟ್‌ಹೌಸ್ ಇರೋದೇ ಬಂಡೆ ಮೇಲೆ, 1901ರಲ್ಲಿ ಕಟ್ಟಿದ್ದು, ಅದರ ಸುತ್ತ ಇರೋ ಕಲ್ಲುಗಳ ಮೇಲೆ ಮಳೆಗಾಲದಲ್ಲಿ ಅಲೆ ಹತ್ತಿ ಇಳಿಯೋದನ್ನ ನೋಡಿದ್ರೆ ಹತ್ರ ಹೋಗೋಕೂ ಧೈರ್ಯ ಬರಲ್ಲ. ಮಿಷಿನ್ ಬೋಟಿನೋರೇ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯೋ ಹಾಗಿಲ್ಲ, ಇನ್ನು ನಾನು ಯಾವ ಲೆಕ್ಕ. ನನ್ನಂಥ ಗುಡ್ಡದೋನು ನಿಲ್ಲೋ ಥರ ಸಮುದ್ರ ಸುಮ್ನಿರೋದು ಈ ಚಳಿಗಾಲದಲ್ಲೇ. ಆದ್ರೆ ಗ್ರಹಚಾರ ನೋಡಿ, ನೀರು ಸುಮ್ನಿದ್ರೆ ತಿಳಿ ಆಗುತ್ತೆ, ತಿಳಿ ನೀರಲ್ಲಿ ಮೀನಿಗೆ ತಂಗೂಸಿ, ಅಂದ್ರೆ ಗಾಳದ ನೈಲಾನ್ ದಾರ, ಕಾಣುತ್ತೆ, ಹತ್ರ ಬರಲ್ಲ. ನಾನು ಅಲ್ಲಿ ನಿಲ್ಲೋಕೆ ಎಂತ ಕಾರಣವೋ ಮೀನು ಸಿಗದೇ ಇರೋಕೂ ಅದೇ ಕಾರಣ.

ಹೋದ ತಿಂಗಳು ಹೋದಾಗ ನೋಡಿ. ಮೂರೂವರೆಗೆ ಎದ್ದು ಫ್ಲಾಸ್ಕಲ್ಲಿ ಕಾಫಿ ತುಂಬ್ಕೊಂಡು, ಮಂಜಲ್ಲಿ ಆಗುಂಬೆಯ 14 ತಿರುವು ನಿಧಾನಕ್ಕೆ ಇಳಿದು, ಬೆಳಕು ಹರಿಯೋ ಹೊತ್ತಿಗೆ ಬಂಡೆ ಮೇಲಿದ್ದೆ. ಕರಾವಳೀಲಿ ಎಂಥ ಚಳಿ ಅಂತೀರಿ, ಬೆಳಿಗ್ಗೆ ಆರಕ್ಕೆ ಅಲ್ಲಿ ನಿಂತು ನೋಡಿ, ರಾತ್ರಿ ನೆಲ ತಣ್ಣಗಾಗುತ್ತೆ, ಸಮುದ್ರ ಅಷ್ಟು ಬೇಗ ಆರಲ್ಲ, ಅದಕ್ಕೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತೆ, ಅಂದ್ರೆ ತಪ್ಪಿಸ್ಕೊಂಡು ಬಂದ ನಮ್ಮೂರ ಚಳೀನೇ ಬೆನ್ನು ಹತ್ತಿ ಬಂದಂಗೆ. ಗಾಳಕ್ಕೆ ಸಿಗಡಿ ಚುಚ್ಚಿ ಚುಚ್ಚಿ ಬೆರಳು ಮರಗಟ್ಟಿತ್ತು, ಕೈ ತೊಳೆಯೋಣ ಅಂತ ನೀರಿಗದ್ದಿದ್ರೆ ನೀರು ಬೆಚ್ಚಗಿತ್ತು! ಆಮೇಲೆ ಸುಮಾರು ಹೊತ್ತು ಗಾಳ ಬಿಟ್ಟು ಕೈ ಅದ್ದಿ ಕೂತಿದ್ದೆ, ಅದು ಬೇರೆ ವಿಷ್ಯ.

ಎರಡು ತಾಸು ಏನೂ ಇಲ್ಲ. ಗಾಳ ಮುಳುಗ್ಲಿ ಅಂತ ದಾರಕ್ಕೆ ಕಟ್ಟೋ ಸೀಸದ ಗುಂಡು, ಮೂರು, ಕಲ್ಲು ಸಂದಿಗೆ ಸಿಕ್ಕಿ ಹೋದ್ವು. ಅಲ್ಲೊಬ್ರು ವಯಸ್ಸಾದೋರು ಬಂದು ನನ್ನ ಅವಸ್ಥೆ ನೋಡಿ, "ಎಂತ ಮಾರಾಯ್ರೆ, ಗುಂಡಿಗೆ ಬೇರೆ ಸಪೂರ ನೂಲು ಕಟ್ಟಿ, ಸಿಕ್ಕಿದ್ರೆ ಅದು ಮಾತ್ರ ತುಂಡಾಗ್ಲಿ" ಅಂದ್ರು. ಇಷ್ಟು ವರ್ಷದಲ್ಲಿ ನಂಗಿದು ಹೊಳೆದಿರಲಿಲ್ಲ ಅನ್ನೋದು ನಾಚಿಕೆ. "ನೀರು ಭಾರೀ ಕ್ಲಿಯರ್ ಉಂಟು, ಮೀನಿಗೆ ನಿಮ್ಮ ಮುಖ ಕಾಣ್ತದೆ" ಅಂತಾನೂ ಸೇರಿಸಿದ್ರು. ಮತ್ತೆ ಇವತ್ತು ತಿಥಿ ಯಾವುದು ಅಂತ ಕೇಳಿದ್ರು. ಅಷ್ಟಮಿ. ಅಮಾವಾಸ್ಯೆ ಹುಣ್ಣಿಮೆ ಹತ್ರ ನೀರು ಜೋರಾಗಿ ಏರಿ ಇಳಿಯುತ್ತೆ, ಏರೋ ನೀರಿನ ಜೊತೆ ಮೀನು ಬಂಡೆ ಬುಡಕ್ಕೆ ಮೇಯೋಕೆ ಬರುತ್ತೆ, ಅಷ್ಟಮಿ ಹೊತ್ತಿಗೆ ಎಲ್ಲಾ ಸಪ್ಪೆ. ಅಡಿಕೆ ಕೊಯ್ಲು ಶುರು ಮಾಡೋಕೆ ಪಂಚಾಂಗ ನೋಡೋ ನಾನು ಇದಕ್ಕೆ ಮಾತ್ರ ಭಾನುವಾರ ನೋಡ್ಕೊಂಡು ಹೋಗಿದ್ದೆ.

ಇದು ಧ್ಯಾನ ಇದ್ದಂಗೆ ಅಲ್ವಾ ಅಂತ ಕೆಲವರು ಕೇಳ್ತಾರೆ. ಎಂಥ ಧ್ಯಾನನೂ ಅಲ್ಲ. ತಲೇಲಿ ಪೂರ್ತಿ ಕೆಂಬೇರಿ ಮೀನಿನ ಫ್ರೈ ಓಡ್ತಿರುತ್ತೆ, ಜೊತೆಗೆ ಅಡಿಕೆ ಕೊನೆ ತೆಗೆಯೋರು ನಾಳೆ ಬರ್ತಾರೋ ಇಲ್ವೋ ಅನ್ನೋ ಚಿಂತೆ. ಆದ್ರೆ ದಾರ ಬೆರಳಿಗೆ ತಾಗಿಸಿ ಹಿಡ್ಕೊಂಡಿದ್ದಾಗ ಕೆಳಗೆ ಏನೋ ಒಂದು ಸಣ್ಣಕ್ಕೆ ಕುಕ್ಕುತ್ತಲ್ಲ, ಏಡಿಯೋ ಮೀನೋ ಗೊತ್ತಾಗಲ್ಲ, ಆಗ ಉಸಿರೇ ನಿಂತು ಹೋಗುತ್ತೆ. ಅಷ್ಟಕ್ಕೇ ಹೋಗೋದು ನಾನು, ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ರ ಇಲ್ಲ.

ಹತ್ತೂವರೆಗೆ ಅಂಗೈಯಷ್ಟುದ್ದದ ಒಂದು ಮುರು ಮೀನು ಬಂತು. ಬಿಟ್ಟೆ. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ ಕಡಲ ಕಡೆಯಿಂದ ಬೀಸೋಕೆ ಶುರುವಾಯ್ತು, ಸ್ವೆಟರ್ ಬಿಚ್ಚಿ ಗಾಳ ಸುತ್ತಿದೆ.

ಬರ್ತಾ ಉಡುಪೀಲಿ ಎರಡು ಕೆಜಿ ಬಂಗುಡೆ ತಗೊಂಡೆ. ಮನೇಲಿ ಹೆಂಡತಿ ಚೀಲ ಬಿಚ್ಚಿ ನೋಡಿ, "ಕಾಪು ಸಮುದ್ರದಲ್ಲಿ ಐಸೂ ಸಿಗುತ್ತಾ?" ಅಂದ್ಲು.