ಕಿವಿಯೊಳಗಿನ ನಂಬರು

ಪುಟ್ಟಿ ಮನೆಗೆ ಬಂದ ದಿನ ಮೆಟ್ಟಿಲ ಮುಂದೆ ನಿಂತುಬಿಟ್ಟಳು. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಬೆಂಗಳೂರಿನ ಒಂದು ಲ್ಯಾಬ್‌ನಿಂದ ಬಿಡುಗಡೆಯಾದ ಬೀಗಲ್ ತಳಿಯ ನಾಯಿ ಅವಳು. ವಯಸ್ಸು ಆರು ದಾಟಿದ್ದರೂ ಮೆಟ್ಟಿಲು ಹತ್ತಿ ಗೊತ್ತಿರಲಿಲ್ಲ. ಎತ್ತಿಕೊಂಡೇ ಮೇಲೆ ಹೋದೆ. ಮಿಕ್ಸಿ ಸದ್ದಾಗಿದ್ದೇ ತಡ, ಮಂಚದ ಕೆಳಗೆ ಸೇರಿದಳು. ಸಂಜೆ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಒಂದು ಕಾಲಿಟ್ಟು, ಏನೋ ಚುಚ್ಚಿದ ಹಾಗೆ ತಕ್ಷಣ ಎತ್ತಿಕೊಂಡಳು.

ಮರುದಿನ ಡಾಕ್ಟ್ರು ಅವಳ ಕಿವಿ ಮಗುಚಿ ತೋರಿಸಿದರು. ಒಳಗೆ ಮಾಸಿದ ಹಚ್ಚೆ, ಬರೀ ಅಂಕಿಗಳು. "ಇವರನ್ನ ಬೀದಿಯಿಂದ ಹಿಡಿದು ತಂದಿರಲ್ಲಮ್ಮ. ಲ್ಯಾಬ್‌ಗೆ ಅಂತಲೇ ಹುಟ್ಟಿಸ್ತಾರೆ" ಅಂದರು. ಬೀಗಲ್‌ಗಳೇ ಯಾಕೆ ಅಂದರೆ, ಗಾತ್ರ ಚಿಕ್ಕದು, ಸ್ವಭಾವ ಸಾಧು. ಸೂಜಿ ಚುಚ್ಚಿದರೂ ಕಚ್ಚಲ್ಲ. ಇದನ್ನು ಕೇಳಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1998ರಲ್ಲಿ ನಿಯಮಗಳು ಬಂದವು. ಪ್ರಯೋಗಕ್ಕಾಗಿ ಪ್ರಾಣಿ ಸಾಕುವವರು ನೋಂದಣಿ ಮಾಡಿಸಬೇಕು, ಲೆಕ್ಕ ಇಡಬೇಕು. ಪ್ರತಿ ಸಂಸ್ಥೆಯಲ್ಲೂ ಪ್ರಯೋಗಗಳನ್ನು ಪರಿಶೀಲಿಸುವ ನೈತಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೂ ಕೂರಬೇಕು. ನಾಯಿಯಂಥ ದೊಡ್ಡ ಪ್ರಾಣಿಯ ಪ್ರಯೋಗಕ್ಕೆ, ಇವನ್ನೆಲ್ಲ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಮಿತಿಯ ಒಪ್ಪಿಗೆಯೂ ಬೇಕು.

ಆದರೆ ತಪ್ಪು ಬರೆದಿಡುವುದು ಬೇರೆ, ತಡೆಯುವುದು ಬೇರೆ, ಅಲ್ವಾ? ಅಮೆರಿಕದ ವರ್ಜೀನಿಯಾದಲ್ಲಿ ಲ್ಯಾಬ್‌ಗಳಿಗಾಗಿ ಬೀಗಲ್ ಸಾಕುವ ಎನ್ವಿಗೊ ಕಂಪನಿಯ ಕೇಂದ್ರವಿತ್ತು. 2021ರ ಜುಲೈನಿಂದ ಸರ್ಕಾರಿ ತಪಾಸಕರು ಹೋದಾಗಲೆಲ್ಲ ತಪ್ಪು ಪಟ್ಟಿ ಮಾಡುತ್ತಲೇ ಬಂದರು. ಹಾಲೂಡುವ ತಾಯಂದಿರಿಗೆ ಊಟ ತಪ್ಪಿಸಿದ್ದು ಕೂಡ ಅದರಲ್ಲಿತ್ತು. ಆ ವರ್ಷದ ಮೊದಲ ಏಳು ತಿಂಗಳಲ್ಲೇ ಮುನ್ನೂರಕ್ಕೂ ಜಾಸ್ತಿ ಮರಿಗಳು ಸತ್ತಿದ್ದವು, 'ಕಾರಣ ತಿಳಿದಿಲ್ಲ' ಅಂತ ಬರೆದಿಟ್ಟಿದ್ದರು. ಸರ್ಕಾರ ಕೋರ್ಟಿಗೆ ಹೋಗಿದ್ದು 2022ರ ಮೇನಲ್ಲಿ. ಆಮೇಲೆ ಸುಮಾರು 4,000 ನಾಯಿಗಳು ಹೊರಬಂದವು. 2024ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 3.5 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಒಪ್ಪಿತು. ಕೋರ್ಟಿಗೆ ಹೋಗುವ ಮುಂಚಿನ ಆ ಹತ್ತು ತಿಂಗಳು ಪಟ್ಟಿ ಬೆಳೆಯುತ್ತಾ ಹೋಯಿತು, ನಾಯಿಗಳು ಮಾತ್ರ ಅಲ್ಲೇ ಇದ್ದವು.

ಪ್ರಯೋಗ ಮುಗಿದ ನಾಯಿಗೆ ಪುನರ್ವಸತಿ ಕೊಡಿಸುವುದು ಸಂಶೋಧಕರ ಹೊಣೆ ಅಂತ ನಮ್ಮ ಕೇಂದ್ರ ಸಮಿತಿಯೇ ಹೇಳಿದೆ. ಪುಟ್ಟಿ ನನ್ನ ಮನೆಗೆ ಬಂದಿದ್ದೂ ಆ ಬಾಗಿಲಿನಿಂದಲೇ. ಅದು ಇನ್ನೂ ಅಗಲವಾಗಬೇಕು. ಸಂಸ್ಥೆಯ ನೈತಿಕ ಸಮಿತಿಯಲ್ಲಿರುವ ಹೊರಗಿನವರು ಮೀಟಿಂಗ್ ಮುಗಿಸಿ ಎದ್ದು ಹೋಗದೆ, ಹೇಳದೆ ಕೇಳದೆ ಪಂಜರದ ಹತ್ತಿರ ಹೋಗಿ ನೋಡಬೇಕು. ಒಪ್ಪಿಗೆ ಕೊಡುವ ದಿನವೇ, ಮುಗಿದ ಮೇಲೆ ಈ ನಾಯಿ ಎಲ್ಲಿಗೆ ಹೋಗುತ್ತೆ, ಖರ್ಚು ಯಾರದು ಅಂತ ಬರೆಸಿಕೊಳ್ಳಬೇಕು.