ಆರನೇ ವಾರ: ಮಳೆ ಬರುವಾಗಲೇ ನಿಂತು ನೋಡಿದೆ

ಕಾಮಗಾರಿ ಸೈಟಿನ ಮಣ್ಣು ಮಳೆನೀರಿನ ಜೊತೆ ಹೊರಗೆ ಹೋಗದ ಹಾಗೆ ಮಾಡಿರುವ ಏರ್ಪಾಡುಗಳನ್ನು ವಾರವಾರ ನೋಡೋದು ನನ್ನ ಕೆಲಸ. ಹೋದ ಸಲ ಬರೆದಾಗ ಎಲ್ಲ ಸರಿಯಿದೆ ಅಂದಿದ್ದೆ. ಸರಿಯಿರಲಿಲ್ಲ.

ಐದು ವಾರ ಬಿಸಿಲಲ್ಲಿ ಸೈಟಿಗೆ ಒಂದು ಸುತ್ತು ಹಾಕಿ, ಬೇಲಿ ಇದೆ, ಟಿಕ್, ಗೇಟಿನ ಹತ್ತಿರ ಜಲ್ಲಿ ಇದೆ, ಟಿಕ್, ಚರಂಡಿ ಬಾಯಿಗೆ ಚೀಲ ಇಟ್ಟಿದ್ದಾರೆ, ಟಿಕ್ ಅಂತ ಫಾರಂ ತುಂಬಿಸಿಕೊಂಡು ಬರುತ್ತಿದ್ದೆ. ಈ ಮಂಗಳವಾರ ಮಳೆ ಶುರುವಾದಾಗ ನಾನು ಸೈಟಿನಲ್ಲೇ ಇದ್ದೆ. ಶೆಡ್ಡಿಗೆ ಓಡುವ ಬದಲು ರೇನ್‌ಕೋಟ್ ಹಾಕಿಕೊಂಡು ಇಳಿಜಾರಿನ ಕೆಳಗೆ ಹೋಗಿ ನಿಂತೆ. ಇಪ್ಪತ್ತೇ ನಿಮಿಷ, ಅಷ್ಟೂ ಟಿಕ್‌ಗಳ ಮರ್ಯಾದೆ ಹೋಯಿತು.

ಮೊದಲು ಸಿಲ್ಟ್ ಫೆನ್ಸ್, ಅಂದರೆ ಹೂಳು ತಡೆಯೋಕೆ ಗೂಟಗಳಿಗೆ ಕಟ್ಟಿದ ಬಟ್ಟೆಯ ಬೇಲಿ. ಗೂಟ ನೆಟ್ಟಗಿವೆ, ಬಟ್ಟೆ ಬಿಗಿಯಾಗಿದೆ, ನೋಡೋಕೆ ಚೆಂದ. ಆದರೆ ನೀರು ಬಂದು ಬೇಲಿಗೆ ತಾಗಿದ್ದು ನಿಲ್ಲಲೇ ಇಲ್ಲ, ಬುಡದಿಂದ ನುಸುಳಿ ಆಚೆ ಹೋಗುತ್ತಿತ್ತು. ಕೂತು ಕೈ ಹಾಕಿದರೆ ನಾಲ್ಕೂ ಬೆರಳು ತೂರುವಷ್ಟು ಸಂದು. ಬಟ್ಟೆಯ ಕೆಳಗಿನ ಅಂಚನ್ನು ಸುಮಾರು 15 ಸೆಂ.ಮೀ. ಆಳದ ಕಾಲುವೆಗೆ ಇಳಿಸಿ, ಮಣ್ಣು ತುಂಬಿ, ಚೆನ್ನಾಗಿ ತುಳಿಯಬೇಕು. ಇಲ್ಲಿ ನೆಲದ ಮೇಲೆ ಮಡಚಿ ಎರಡು ಸಲಿಕೆ ಮಣ್ಣು ಎಸೆದಿದ್ದಾರೆ, ಅಷ್ಟೇ. ಹಾಕುವಾಗ ನಾನಿರಲಿಲ್ಲ ನಿಜ, ಆದರೆ ಆಮೇಲೆ ಒಂದು ಸಲವಾದರೂ ಬುಡವನ್ನು ಕಾಲಲ್ಲಿ ಒದ್ದು ನೋಡಬಹುದಿತ್ತು ಅಲ್ವಾ? ಹಾಗಾಗಿ ಬೈಗುಳದಲ್ಲಿ ಅರ್ಧ ಪಾಲು ನನ್ನದೇ.

ಇನ್ನೊಂದು ವಿಷಯ ಅಲ್ಲಿ ನಿಂತಾಗಲೇ ತಲೆಗೆ ಹೋಯಿತು. ಈ ಬಟ್ಟೆ ಜರಡಿ ಅಲ್ಲ. ಅದರ ಮುಖ್ಯ ಕೆಲಸ ನೀರನ್ನು ತಡೆದು ನಿಲ್ಲಿಸೋದು, ನಿಂತ ನೀರಲ್ಲಿ ಮಣ್ಣು ತಾನಾಗಿ ತಳ ಸೇರುತ್ತದೆ. ಅದಕ್ಕೇ ಬೇಲಿ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಹೋಗಬೇಕು, ಎರಡೂ ತುದಿ ಮೇಲಕ್ಕೆ ಬಾಗಿರಬೇಕು. ನಮ್ಮದು ಜಾಗದ ಗಡಿ ಹಿಡಿದು ಇಳಿಜಾರಿನ ಉದ್ದಕ್ಕೇ ಇಳಿದಿದೆ. ಆ ಭಾಗದಲ್ಲಿ ನೀರು ಬೇಲಿಯ ಪಕ್ಕದಲ್ಲೇ ಓಡಿ ಒಂದು ಕೊರಕಲನ್ನೇ ಮಾಡಿಕೊಂಡಿದೆ.

ನೀರು ಹರಿಯುವ ಕಾಲುವೆಯೊಳಗಿನ ಕಲ್ಲಿನ ಚೆಕ್ ಡ್ಯಾಂ (ಹರಿವು ನಿಧಾನ ಮಾಡೋ ಸಣ್ಣ ಅಡ್ಡಗಟ್ಟೆ) ಕಥೆಯೂ ಹೀಗೇ. ನಡುಭಾಗ ಅಂಚಿಗಿಂತ 15 ಸೆಂ.ಮೀ. ಆದರೂ ತಗ್ಗಿರಬೇಕು, ನೀರು ಮಧ್ಯದಲ್ಲಿ ಹಾಯಲಿ ಅಂತ. ನಮ್ಮದು ನಡುವೆ ಗುಡ್ಡೆ. ನೀರು ಎರಡೂ ಪಕ್ಕ ಸುತ್ತಿ ದಂಡೆಯನ್ನೇ ಕೊರೆಯುತ್ತಿತ್ತು. "ನೋಡೋಕೆ ಚೆನ್ನಾಗಿರ್ಲಿ ಅಂತ ಗುಡ್ಡೆ ಹಾಕ್ಸಿದ್ದು ಸಾರ್" ಅಂದರು ಮೇಸ್ತ್ರಿ, ಆಮೇಲೆ ತಾವೇ ನೀರಿಗಿಳಿದು ಕಲ್ಲು ಪಕ್ಕಕ್ಕೆ ಸರಿಸಿದರು. ಹತ್ತು ನಿಮಿಷದ ಕೆಲಸ.

ಬೇಲಿಯ ಆಚೆ ಹೋಗುತ್ತಿದ್ದ ನೀರನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಕಿಟಕಿಯಲ್ಲಿಟ್ಟೆ. ಮರಳು ಒಂದು ನಿಮಿಷದೊಳಗೆ ತಳಕ್ಕೆ. ರಾತ್ರಿಯೊಳಗೆ ಅದರ ಮೇಲೆ ಇನ್ನೊಂದು ನುಣ್ಣನೆ ಪದರ. ಇವತ್ತು ಶುಕ್ರವಾರ, ಮೇಲಿನ ನೀರು ಇನ್ನೂ ಬಗ್ಗಡವೇ. 2 ಮೈಕ್ರಾನ್ (ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು) ಗಾತ್ರದ ಜೇಡಿ ಕಣ ಅಲುಗದ ನೀರಲ್ಲಿ ಒಂದು ಮೀಟರ್ ಇಳಿಯೋಕೆ ಸುಮಾರು 3 ದಿನ ಬೇಕು, ಅದಕ್ಕಿಂತ ಸಣ್ಣದ್ದು ಇನ್ನೂ ನಿಧಾನ. ಯಾವ ಬೇಲಿ ಇದನ್ನು ಹಿಡಿದೀತು? ಮಣ್ಣು ಏಳದ ಹಾಗೆ ಮೇಲೆಯೇ ನೋಡಿಕೊಳ್ಳಬೇಕು. ಬರಿ ಮಣ್ಣಿನ ಮೇಲೆ ಹನಿ ಬಿದ್ದ ಕಡೆಯೆಲ್ಲ ರಾಡಿ ಚಿಮ್ಮಿ ನನ್ನ ಪ್ಯಾಂಟು ಮೊಣಕಾಲವರೆಗೆ ಕೆಂಪಾಗಿತ್ತು. ಸುಮ್ನೆ ಪ್ರಯೋಗಕ್ಕೆ ಅಂತ ಒಣಹುಲ್ಲು ಹಾಸಿದ್ದ ಮೂಲೆಯಿಂದ ಮಾತ್ರ ಹೆಚ್ಚುಕಮ್ಮಿ ತಿಳಿ ನೀರು ಇಳಿಯುತ್ತಿತ್ತು.

ಗೇಟಿನ ಜಲ್ಲಿ ಕೆಸರಲ್ಲಿ ಹೂತಿದೆ, ಹೊಸದು ಹಾಕಿಸಬೇಕು. ಕಾಂಕ್ರೀಟ್ ಮೆತ್ತಿದ ಸಾಮಾನು ತೊಳೆಯುವ ಗುಂಡಿಯ ಪ್ಲಾಸ್ಟಿಕ್ ಹರಿದಿದೆ. ಇದಕ್ಕೆ ತಡ ಮಾಡೋ ಹಾಗಿಲ್ಲ, ಆ ನೀರಿನ ಪಿಎಚ್ 12ರ ಆಸುಪಾಸು ಇರುತ್ತದೆ, ಅಂದರೆ ತುಂಬಾ ಕ್ಷಾರ, ಚರಂಡಿ ಸೇರಿದರೆ ಮುಂದೆ ಮೀನಿಗೆ ಕಷ್ಟ.

ಬುಧವಾರ, ಗುರುವಾರ ಸೇರಿ 40 ಮೀಟರ್ ಬೇಲಿಯ ಬುಡ ಅಗೆದು ಬಟ್ಟೆ ಹೂತಿದ್ದೇವೆ. ಬೇಲಿಯ ಹಿಂದೆ ಹೂಳು ಮೂರನೇ ಒಂದು ಎತ್ತರ ಮುಟ್ಟಿದರೆ ತೆಗೆಯೋದು ಅಂತ ಗೂಟಗಳಿಗೆ ಬಣ್ಣದ ಗೆರೆ ಎಳೆದೆ, ಅಳತೆ ಪಟ್ಟಿ ಹಿಡಿದು ಬಗ್ಗುವ ಕೆಲಸ ತಪ್ಪಿತು. ವಾರಕ್ಕೊಂದು ಸುತ್ತು ಇದ್ದೇ ಇದೆ, ಜೊತೆಗೆ 6 ಮಿ.ಮೀ. ಮೀರಿ ಮಳೆ ಬಂದರೆ 24 ಗಂಟೆಯೊಳಗೆ ಇನ್ನೊಂದು. ಶೆಡ್ಡಿನ ಪಕ್ಕ ಮಳೆಮಾಪಕ ನೆಟ್ಟಾಯಿತು.

ಇಳಿಜಾರಿನ ಉದ್ದಕ್ಕೆ ಇಳಿದಿರುವ ಭಾಗಕ್ಕೆ ಇನ್ನೂ ಕೈ ಹಚ್ಚಿಲ್ಲ. ಪೂರ್ತಿ ಕಿತ್ತು ಹಾಕಬೇಕೋ, ಅಲ್ಲಲ್ಲಿ ಮೇಲಕ್ಕೆ ಬಾಗಿಸಿ ಕೊಕ್ಕೆಯಂತೆ ತುಂಡು ಮಾಡಿದರೆ ಸಾಕೋ ಅಂತ ಸೋಮವಾರ ಮೇಸ್ತ್ರಿ ಜೊತೆ ನಿಂತು ತೀರ್ಮಾನ ಮಾಡುತ್ತೇನೆ.