“ಏನೂ ತಿನ್ನೂದಿಲ್ರಿ ಮೇಡಂ”: ಮಕ್ಕಳ ಬೊಜ್ಜಿನ ಬಗ್ಗೆ ಕೆಲಸ ಕಲಿಸಿದ್ದು

ವಿಜಯಪುರದ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಾನು ಡಯಟಿಷಿಯನ್. ತೂಕ ಜಾಸ್ತಿ ಇರುವ ಮಕ್ಕಳನ್ನು ಡಾಕ್ಟರು ನೋಡಿದ ಮೇಲೆ ನನ್ನ ಹತ್ತಿರ ಕಳಿಸುತ್ತಾರೆ. ತಾಯಂದಿರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: “ಏನೂ ತಿನ್ನೂದಿಲ್ರಿ ಮೇಡಂ. ಅರ್ಧ ರೊಟ್ಟಿ ತಿಂದ್ರ ಹೆಚ್ಚು. ಆದ್ರೂ ಹಿಂಗ ಊದ್ಯಾನ.” ಅವರು ಸುಳ್ಳು ಹೇಳುತ್ತಿರುವುದಿಲ್ಲ. ಹುಡುಗ ನಿಜವಾಗಿಯೂ ಅರ್ಧ ರೊಟ್ಟಿಯನ್ನೇ ತಿನ್ನುತ್ತಾನೆ. ಊಟದ ಹೊತ್ತಿಗೆ ಹೊಟ್ಟೆಯಲ್ಲಿ ಜಾಗ ಉಳಿದಿರುವುದಿಲ್ಲ, ಅಷ್ಟೇ.

ಹಾಗಾಗಿ ಏನು ತಿನ್ನುತ್ತಾನೆ ಅಂತ ನಾನು ಕೇಳುವುದಿಲ್ಲ. ಗಡಿಯಾರದ ಲೆಕ್ಕದಲ್ಲಿ ಕೇಳುತ್ತೇನೆ. ಎದ್ದದ್ದು ಎಷ್ಟಕ್ಕೆ? ಎದ್ದ ಮೇಲೆ ಮೊದಲು ಬಾಯಿಗೆ ಹೋದದ್ದು ಏನು? ಕೊಟ್ಟವರು ಯಾರು? ಶಾಲೆ ಬಿಟ್ಟ ಮೇಲೆ ಮನೆ ಸೇರುವ ತನಕ ಏನಾಯಿತು? ಹೀಗೆ ಮಲಗುವ ತನಕ.

ಒಬ್ಬ ಹತ್ತು ವರ್ಷದ ಹುಡುಗನ ದಿನ ಹೇಳುತ್ತೇನೆ. ಎದ್ದ ಕೂಡಲೇ ಅಜ್ಜನ ಜೊತೆ ಚಹಾ, ಅದರಲ್ಲಿ ಅದ್ದಿ ತಿನ್ನಲು ಟೋಸ್ಟು. ಶಾಲೆಗೆ ಹೊರಡುವ ಮುಂಚೆ ದೊಡ್ಡ ಲೋಟದಲ್ಲಿ ಹಾಲು, ಎರಡು ಚಮಚ ಚಾಕೊಲೇಟ್ ಪುಡಿ, ಅದರ ಮೇಲೆ ಮತ್ತೆ ಸಕ್ಕರೆ. ಶಾಲೆಯ ಎದುರಿನ ಅಂಗಡಿಯಲ್ಲಿ ಹತ್ತು ರೂಪಾಯಿಯ ಚಿಪ್ಸ್. ಸಂಜೆ ಚಿಕ್ಕಪ್ಪ ತರುವ ಗಿರಮಿಟ್ಟು, ಮಿರ್ಚಿ ಭಜಿ. ಟ್ಯೂಷನ್‌ನಿಂದ ಬಂದ ಮೇಲೆ ಬಿಸ್ಕಿಟ್. ರಾತ್ರಿ ಮೊಬೈಲ್ ನೋಡುತ್ತಾ ಕೂತವನಿಗೆ ತಾಯಿ ತುತ್ತು ಮಾಡಿ ತಿನ್ನಿಸಿದ ಅರ್ಧ ರೊಟ್ಟಿ. ಅಪ್ಪ ಅಂಗಡಿ ಮುಚ್ಚಿ ಬರುವ ತನಕ ಎಚ್ಚರ, ಮಲಗುವಾಗ ಹನ್ನೊಂದೂವರೆ. ಆ ವಯಸ್ಸಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ ಮತ್ತು ಕರಿದದ್ದಕ್ಕೇ ಮನಸ್ಸು ಓಡುತ್ತದೆ.

ಇದರಲ್ಲಿ ಹುಡುಗ ತಾನಾಗಿ ಕೊಂಡದ್ದು ಚಿಪ್ಸ್ ಒಂದೇ. ಅದಕ್ಕೂ ದುಡ್ಡು ಕೊಟ್ಟದ್ದು ಮನೆಯವರು. ಉಳಿದದ್ದೆಲ್ಲ ಪ್ರೀತಿಯಿಂದ ಒಬ್ಬೊಬ್ಬರು ಕೊಟ್ಟದ್ದು, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಹೀಗಿರುವಾಗ “ನೀನು ಬಾಯಿ ಕಟ್ಟು” ಅಂತ ಮಗುವಿಗೆ ಹೇಳಿ ಏನು ಪ್ರಯೋಜನ? ಮಕ್ಕಳ ಬೊಜ್ಜಿಗೆ ಮದ್ದು ಮನೆಗೇ ಕೊಡಬೇಕು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು.

ಆ ಹುಡುಗನ ಕುತ್ತಿಗೆಯ ಹಿಂದೆ ಕಪ್ಪು ಪಟ್ಟೆ ಇತ್ತು. ಅಜ್ಜಿ ಅದನ್ನು ಕೊಳೆ ಅಂದುಕೊಂಡು ಜಳಕ ಮಾಡಿಸುವಾಗ ಕಡಲೆ ಹಿಟ್ಟು ಹಚ್ಚಿ ತಿಕ್ಕುತ್ತಿದ್ದರು. ಸುತ್ತಲಿನ ಚರ್ಮ ಕೆಂಪಾಗಿತ್ತು. ನಾನು ಅವರ ಬೆರಳು ಹಿಡಿದು ಆ ಜಾಗ ಮುಟ್ಟಿಸಿದೆ. ಮಖಮಲ್ಲಿನ ಹಾಗೆ ದಪ್ಪಗೆ, ಮೆತ್ತಗೆ ಇತ್ತು. “ಅಜ್ಜಿ, ಇದು ತಿಕ್ಕಿದರೆ ಹೋಗೂದಲ್ರಿ. ಒಳಗಿಂದ ಬಂದದ್ದು.” ವೈದ್ಯರು ಇದನ್ನು ಅಕಾಂಥೋಸಿಸ್ ನೈಗ್ರಿಕಾನ್ಸ್ ಅನ್ನುತ್ತಾರೆ. ಬೊಜ್ಜು ಇರುವ ಮಕ್ಕಳಲ್ಲಿ ಬಹುಮಟ್ಟಿಗೆ ಇದರ ಅರ್ಥ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ದೇಹದಲ್ಲಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಹಾಗಾಗಿ ಜಾಸ್ತಿ ಜಾಸ್ತಿ ತಯಾರಾಗುತ್ತಿದೆ ಎಂದು. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವ ಸೂಚನೆ. ಕಂಕುಳಲ್ಲೂ ಕಾಣಿಸುತ್ತದೆ. ದಯವಿಟ್ಟು ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ.

ಎರಡನೇ ಮಾತು ಥೈರಾಯ್ಡ್. “ಥೈರಾಯ್ಡ್ ಇರಬೇಕ್ರಿ, ಚೆಕ್ ಮಾಡಿಸ್ರಿ” ಅಂತ ಬರುತ್ತಾರೆ. ನಮ್ಮ ಡಾಕ್ಟರು ಮೊದಲು ನೋಡುವುದು ಎತ್ತರ. ತಿಂಡಿ, ನಿದ್ದೆ, ಆಟದ ವ್ಯತ್ಯಾಸದಿಂದ ದಪ್ಪಗಾದ ಮಗು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೇ ಇರುತ್ತದೆ. ದಪ್ಪಗಾಗುತ್ತಾ ಹೋಗಿ ಎತ್ತರ ಬೆಳೆಯುವುದು ನಿಂತಿದ್ದರೆ ಆಗ ಥೈರಾಯ್ಡ್‌ನಂಥ ಹಾರ್ಮೋನಿನ ಮೇಲೆ ಅನುಮಾನ ಪಡಬೇಕು.

ಮೂರನೆಯದು ಮೊಬೈಲ್ ಆ್ಯಪ್. ಆ ಹುಡುಗ 140 ಸೆಂಟಿಮೀಟರ್, 44 ಕಿಲೋ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, ಸುಮಾರು 22.4. ಅವನಪ್ಪ ದೊಡ್ಡವರ ಆ್ಯಪ್‌ನಲ್ಲಿ ಹಾಕಿ ನೋಡಿದ್ದರು, “ನಾರ್ಮಲ್ ಅಂತ ಬಂತಲ್ರಿ” ಅಂದರು. ದೊಡ್ಡವರಿಗೆ ಅದು ನಾರ್ಮಲ್ಲೇ. ಮಕ್ಕಳಿಗೆ ವಯಸ್ಸು, ಗಂಡೋ ಹೆಣ್ಣೋ ನೋಡಿ ಬೇರೆ ಪಟ್ಟಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹತ್ತು ವರ್ಷದ ಹುಡುಗನಿಗೆ 21.4 ದಾಟಿದರೆ ಬೊಜ್ಜು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ 2015ರಲ್ಲಿ ಇಲ್ಲಿನ ಮಕ್ಕಳಿಗೆಂದೇ ಬೆಳವಣಿಗೆ ಪಟ್ಟಿ ಮಾಡಿದೆ.

ಈಗ ಸಮಾಧಾನದ ಮಾತು. ಬೆಳೆಯುವ ಮಗುವಿನ ತೂಕವನ್ನು ಯಾವಾಗಲೂ ಇಳಿಸಲೇಬೇಕು ಅಂತಿಲ್ಲ. ಅದೇ ಹುಡುಗ ಒಂದು ವರ್ಷ 44 ಕಿಲೋದಲ್ಲೇ ನಿಂತು ಎತ್ತರ 146 ಆದರೆ ಬಿಎಂಐ 20.6ಕ್ಕೆ ಬರುತ್ತದೆ. ಬೊಜ್ಜಿನ ಗೆರೆಯಿಂದ ಕೆಳಗೆ ಬಂದ ಹಾಗಾಯಿತು. ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ತಾಯಂದಿರ ಮುಖದಲ್ಲಿ ಬರುವ ನಿರಾಳ ನನಗೆ ತುಂಬಾ ಇಷ್ಟ. ಉಪವಾಸ, ತೂಕ ಇಳಿಸುವ ಪುಡಿ, ಇವೆಲ್ಲ ಮಕ್ಕಳಿಗೆ ಬೇಡವೇ ಬೇಡ. ತೂಕ ತುಂಬಾ ಮೇಲಿದ್ದರೆ ಏನು ಮಾಡಬೇಕೆಂದು ಡಾಕ್ಟರು ಹೇಳುತ್ತಾರೆ.

ನಮ್ಮ ಕಡೆ ಮಗು ದಪ್ಪ ಅಂದ ಕೂಡಲೇ ಮೊದಲು ನಿಲ್ಲಿಸುವುದು ರೊಟ್ಟಿಯನ್ನು. ನನಗೆ ಇದರಷ್ಟು ಬೇಜಾರು ಮಾಡುವುದು ಬೇರೆ ಇಲ್ಲ. ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೇ ಮಡಿಕೆಕಾಳಿನ ಪಲ್ಯ, ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಗಜ್ಜರಿ. ಇದಕ್ಕಿಂತ ಒಳ್ಳೆಯ ಊಟವನ್ನು ನಾನು ಎಲ್ಲಿಂದ ತಂದು ಬರೆದುಕೊಡಲಿ? ಶೇಂಗಾ ಚಟ್ನಿಯೂ ಇರಲಿ, ಎಣ್ಣೆ ಸುರಿಯುವುದು ಬೇಡ. ಕಡಿಮೆ ಆಗಬೇಕಾದದ್ದು ಊಟದ ನಡುವಿನದು. 250 ಮಿಲಿಲೀಟರ್ ಕೋಲಾದಲ್ಲಿ ಐದಾರು ಚಮಚ ಸಕ್ಕರೆ ಇರುತ್ತದೆ. ಹಾಲಿಗೆ ಹಾಕುವ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಲ್ಲಿ ಇಡಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಬರೀ ಹಾಲು ಸಾಕು.

ಆ ಮನೆಯಲ್ಲಿ ಹುಡುಗನಿಗೆ ಒಬ್ಬಳು ಅಕ್ಕ ಇದ್ದಾಳೆ, ತೆಳ್ಳಗೆ. “ಅವಳಿಗೆ ಚಿಪ್ಸ್ ಇರಲಿ, ಇವನಿಗೆ ಬೇಡ” ಅಂದರು ಅಮ್ಮ. ಅದು ಆಗುವುದಿಲ್ಲ ಅಂದೆ. ಒಂದೇ ಮನೆಯಲ್ಲಿ ಎರಡು ತಟ್ಟೆ ಮಾಡಿದರೆ ಇವನು ಕದ್ದು ತಿನ್ನುವುದನ್ನು ಕಲಿಯುತ್ತಾನೆ. ತೆಳ್ಳಗಿರುವ ಅವಳಿಗೂ ಚಿಪ್ಸ್‌ನಿಂದ ಒಳ್ಳೆಯದೇನೂ ಆಗುವುದಿಲ್ಲ, ಅಲ್ವಾ? ಕಿರಾಣಿ ಚೀಟಿಯಲ್ಲೇ ಅದು ಇಲ್ಲದಿದ್ದರೆ ಜಗಳವೂ ಇಲ್ಲ. ಚಿಕ್ಕಪ್ಪನಿಗೆ ಭಜಿ ವಾರಕ್ಕೊಮ್ಮೆ ಅಂತ ಗೊತ್ತು ಮಾಡಿದೆವು, ಎಲ್ಲರೂ ಕೂತು ತಿನ್ನುವ ಹಾಗೆ. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ, ಸಿದ್ಧೇಶ್ವರ ಜಾತ್ರೆಯಲ್ಲಿ ಏನು ತಿನ್ನಬೇಕು ಅಂತ ನಾನು ಹೇಳುವುದೇ ಇಲ್ಲ. ಬೊಜ್ಜು ಬರುವುದು ಮಾಮೂಲಿ ಮಂಗಳವಾರ, ಬುಧವಾರಗಳಲ್ಲಿ.

ಆಟದ ವಿಷಯದಲ್ಲಿ ನಮ್ಮೂರಿನ ಕಷ್ಟ ಬೇರೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಬೆವರು ಬರುವ ಹಾಗೆ ಓಡಾಟ ಬೇಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವಾಗ ಮಧ್ಯಾಹ್ನ ಯಾವ ಮಗುವನ್ನು ಹೊರಗೆ ಬಿಡಲಿ? ಮನೆಯೊಳಗೆ ಇದ್ದರೆ ಮೊಬೈಲ್ ಕೈಗೆ ಬರುತ್ತದೆ. ಹಾಗಾಗಿ ಬೆಳಗಿನ ಹೊತ್ತನ್ನೇ ಹಿಡಿಯಬೇಕು. ಸೈಕಲ್ ಓಟಗಾರರಿಗೆ ಹೆಸರಾದ ಜಿಲ್ಲೆ ನಮ್ಮದು. ಇಲ್ಲಿನ ಮಕ್ಕಳು ಎರಡು ಓಣಿ ಆಚೆಯ ಟ್ಯೂಷನ್‌ಗೆ ಅಪ್ಪನ ಸ್ಕೂಟರ್ ಮೇಲೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಂಗನವಾಡಿಯಲ್ಲಿ, ಶಾಲೆಯಲ್ಲಿ ನಾವು ಇಷ್ಟು ವರ್ಷ ಕಡಿಮೆ ತೂಕದ ಮಕ್ಕಳನ್ನೇ ಹುಡುಕಿದ್ದೇವೆ. ಅದು ಇನ್ನೂ ಬೇಕು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಜಾಸ್ತಿ ಇರುವವರು 2015-16ರಲ್ಲಿ ಶೇ. 2.1 ಇದ್ದರು, 2019-21ಕ್ಕೆ ಶೇ. 3.4 ಆದರು. ಹಾಗಂತ ತೂಕದ ಯಂತ್ರದ ಮುಂದೆ ಸಾಲು ನಿಲ್ಲಿಸಿ ಕಿಲೋ ಕೂಗಬಾರದು. ನಮ್ಮಲ್ಲಿ ಪರದೆ ಎಳೆದು ತೂಗುತ್ತೇವೆ. ‘ಡುಮ್ಮ’ ಅಂತ ಕರೆಸಿಕೊಂಡ ಮಗು ಮೊದಲು ಬಿಡುವುದು ಆಟದ ಮೈದಾನವನ್ನು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಪಾಲಕರ ಸಭೆಯಲ್ಲಿ ಇದನ್ನು ಕೇಳಿ.

ರಾತ್ರಿ ಜೋರು ಗೊರಕೆ, ಮಂಡಿ ಅಥವಾ ಸೊಂಟದ ನೋವು, ಪದೇಪದೇ ಬಾಯಾರಿಕೆ, ಮೂತ್ರ, ಕುತ್ತಿಗೆಯ ಕಪ್ಪು ಕಂಡರೆ ಕಾಯಬೇಡಿ. ಬರುವಾಗ ತಾಯಿ ಕಾರ್ಡ್ ಮತ್ತು ಶಾಲೆಯ ಆರೋಗ್ಯ ಕಾರ್ಡ್ ತನ್ನಿ, ಯಾವ ವರ್ಷ ಎಷ್ಟು ಎತ್ತರ ಇತ್ತು ಅಂತ ನೋಡಬೇಕಾಗುತ್ತದೆ. ತಾಯಿಯೊಬ್ಬರೇ ಬಂದರೆ ಸಾಲದು. ಕಿರಾಣಿ ತರುವವರು, ಸಂಜೆ ತಿಂಡಿ ಕೊಡಿಸುವವರು ಯಾರಿದ್ದಾರೋ ಅವರೂ ಜೊತೆಗೆ ಬರಲಿ.